ಸೇಡಂ ಪಡಸಾಲೆಯಲ್ಲಿ ಅಪ್ಪ ಕನ್ನಡ ಕಲಿತದ್ದು

ನಮ್ಮ ಅಪ್ಪನಿಗೆ ಮಾತು ಒಂದು ಭಾಷೆಯಲ್ಲಿ, ಬರಹ ಇನ್ನೊಂದು ಭಾಷೆಯಲ್ಲಿ ಇದ್ದವು. ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಆಡುತ್ತಿದ್ದದ್ದು ಕನ್ನಡ. ಕಲಮು ಕೈಗೆ ಬಂತೆಂದರೆ ಉರ್ದು. ಸೇಡಮ್ಮಿನಲ್ಲಿ ಅವನ ವಾರಿಗೆಯ ಗಂಡಸರೆಲ್ಲ ಹೆಚ್ಚುಕಡಿಮೆ ಹೀಗೆಯೇ ಇದ್ದರು. ನಿಜಾಮರ ಕಾಲದ ಶಾಲೆಯಲ್ಲಿ ಅವರ ಪಾಲಿಗೆ ಬಂದ ಅಕ್ಷರ ಅದೊಂದೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಪಡಸಾಲೆಯ ಗೋಡೆಗೆ ಆತುಕೊಂಡು ಕುಳಿತು, ಬಲದಿಂದ ಎಡಕ್ಕೆ ಸರಸರ ಬರೆಯುತ್ತಿದ್ದ ಅಪ್ಪನ ರೂಪವೇ ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಹಳೆಯದು. ತಹಶೀಲ ಕಚೇರಿಯಲ್ಲಿ ಅವನು ಗುಮಾಸ್ತ. ಊರವರು ಕರೆಯುತ್ತಿದ್ದದ್ದು ಮುನ್ಷಿ ಗುರುನಾಥಪ್ಪ ಎಂದು. ಅವನ ಅಕ್ಷರ ಎಷ್ಟು ಚೆಂದವೆಂದರೆ, ಕಚೇರಿಗೆ ಹೋಗುವ ಮೊದಲೇ ಕುರಕುಂಟಾದಿಂದ, ಆಚೀಚೆ ಹಳ್ಳಿಗಳಿಂದ ಜನ ಬಂದು ನಮ್ಮ ಪಡಸಾಲೆಯಲ್ಲಿ ಕಾಯುತ್ತಿದ್ದರು. ಹೊಲದ ಬಾಂದಿನ ತಂಟೆಯೋ ಬಾವಿಯ ನೀರಿನ ಜಗಳವೋ, ಯಾವುದಕ್ಕೂ ಅರ್ಜಿ ಅಪ್ಪನ ಕೈಯಲ್ಲೇ ಆಗಬೇಕು. ಸುಗ್ಗಿಯ ಮುಂದೆ ಬಂದವರು ಹಸಿ ತೊಗರಿಕಾಯಿಯನ್ನೋ ಕಡಲೆಗಿಡದ ಕಟ್ಟನ್ನೋ ಬಾಗಿಲ ಬಳಿ ಇಟ್ಟುಹೋಗುತ್ತಿದ್ದರು. ನನ್ನ ಆಯಿ, ಎಂದರೆ ಅಪ್ಪನ ತಾಯಿ, ತಲೆಬಾಗಿಲಿಗೆ ಒರಗಿ ಕುಳಿತು ಬಂದವರನ್ನೆಲ್ಲ ಎಣಿಸುವವಳಂತೆ ನೋಡುತ್ತಿದ್ದಳು. ಮಗನ ಪಡಸಾಲೆ ತುಂಬಿದ ದಿನ ಅವಳು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು.

ಮನೆ ಪೂರ್ತಿ ಕಲ್ಲಿನದು. ನೆಲಕ್ಕೂ ಶಹಾಬಾದಿನ ಫರಸಿ, ಗೋಡೆಗೂ ಅದೇ ಕಲ್ಲು, ಮೇಲೆ ಮಾಳಿಗೆಗೆ ಹೊದಿಸಿದ್ದೂ ಅದೇ. ಬೇಸಿಗೆಯಲ್ಲಿ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ ನಾವು ಬರಿಯ ಕಲ್ಲಿನ ಮೇಲೆ ಮಲಗುತ್ತಿದ್ದೆವು. ಪಡಸಾಲೆಗೂ ಅಡುಗೆಮನೆಗೂ ನಡುವೆ ಕಾಳುಕಡಿ ಇಡುವ ಕತ್ತಲೆಯ ಕೋಣೆ. ಅದೇ ಅವ್ವನ ಎಲ್ಲೆ. ಗಂಡಸರು ಕುಳಿತಿದ್ದಾಗ ಅವಳು ಆ ಕೋಣೆ ದಾಟಿ ಈಚೆ ಬಂದದ್ದನ್ನು ನಾನು ನೋಡಿರಲಿಲ್ಲ. ಚಹಾ ಆಯಿತೆಂದರೆ ಬಳೆ ಸದ್ದು ಮಾಡುವಳು, ನಾನು ಹೋಗಿ ತರುವೆನು. ಅವ್ವ ಜಮಖಂಡಿ ಕಡೆಯವಳು. ಅದು ಆಗ ಮುಂಬಯಿ ಸೀಮೆಯ ಒಂದು ಸಂಸ್ಥಾನ. ಅಲ್ಲಿ ಕನ್ನಡ ಶಾಲೆಗಳಿದ್ದವು, ಅವ್ವ ಏಳನೆಯ ಇಯತ್ತೆ ಓದಿ ಮುಲ್ಕಿ ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದಳು. ಆದರೆ ಸೇಡಮ್ಮಿನಲ್ಲಿ ಆ ಕನ್ನಡ ಯಾವ ಉಪಯೋಗಕ್ಕೂ ಇರಲಿಲ್ಲ. ಕಿರಾಣಿ ಅಂಗಡಿಯವರು ಬೆಲ್ಲ ಕಟ್ಟಿ ಕೊಡುವ ಕಾಗದವೂ ಉರ್ದುವಿನದೇ. ಅಪರೂಪಕ್ಕೆ ಕನ್ನಡದ ಚೂರೊಂದು ಬಂದರೆ ಅವ್ವ ಅದನ್ನು ಒರೆಸಿ, ಮಡಿಸಿ, ಒಲೆಯ ಮೇಲಿನ ಮಾಡದಲ್ಲಿ ಇಟ್ಟುಕೊಂಡು, ರೊಟ್ಟಿ ಬೇಯುವಷ್ಟು ಹೊತ್ತಿನಲ್ಲಿ ಓದುತ್ತಿದ್ದಳು. ಆಯಿಗೆ ಅದು ಸೇರುತ್ತಿರಲಿಲ್ಲ. ಅವ್ವ ‘ಅದ’ ಎನ್ನುವ ಬದಲು ‘ಐತಿ’ ಎನ್ನುವುದೂ ಸೇರುತ್ತಿರಲಿಲ್ಲ.

“ಐತಂತ, ಐತಿ! ಮದಿವ್ಯಾಗಿ ಇಷ್ಟ್ ವರ್ಷ ಆದ್ರೂ ನಾಲಿಗಿ ಇನ್ನಾ ತವರ್ಮನ್ಯಾಗೇ ಅದ” ಎಂದು ಆಯಿ ನೆರೆಯವರ ಮುಂದೆ ಹಾಸ್ಯ ಮಾಡುವಳು. ಅವ್ವ ನಕ್ಕು ಒಲೆಯ ಕಡೆಗೆ ತಿರುಗುವಳು.

ಕನ್ನಡದ ಸೀಮೆಗಳೆಲ್ಲ ಕೂಡಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸೇಡಂ ನೋಡನೋಡುತ್ತ ಬದಲಾಯಿತು. ಕಚೇರಿಯ ಹಲಗೆಯ ಮೇಲಿನ ಬರಹ ಬದಲಾಯಿತು, ರೈಲು ನಿಲ್ದಾಣದಲ್ಲಿ ಕನ್ನಡದ ಹೆಸರು ಬಂತು. ಮೊದಲು ಹೈದರಾಬಾದಿನ ಕಡೆಗೆ ಮುಖ ಮಾಡಿಕೊಂಡಿದ್ದ ಊರಿಗೆ, ಯಾರೂ ನೋಡಿರದ ಬೆಂಗಳೂರಿನ ಕಡೆಗೆ ತಿರುಗಿ ಕೂಡಬೇಕಾಯಿತು. ಹಿರಿಯರು ಆಗಲೂ ಮದುವೆಯ ಸೀರೆಗೆ, ದೊಡ್ಡ ದವಾಖಾನೆಗೆ ಹೈದರಾಬಾದಿನ ಗಾಡಿಯನ್ನೇ ಹತ್ತುತ್ತಿದ್ದರು. ನೌಕರಿಯ ಮಾತು ಮಾತ್ರ ಬೇರೆ. ಇನ್ನು ಮುಂದೆ ಕಾಗದಪತ್ರವೆಲ್ಲ ಕನ್ನಡದಲ್ಲಿ ಆಗಬೇಕು, ಬಾರದವರು ಕಲಿತು ಪರೀಕ್ಷೆಗೆ ಕೂಡಬೇಕು ಎಂದು ಕಚೇರಿಯಲ್ಲಿ ಹೇಳಿದರು. ಧಾರವಾಡದ ಕಡೆಯ ಒಬ್ಬ ತರುಣ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿ ಕನ್ನಡ ಅರ್ಜಿ ಬರೆಯತೊಡಗಿದ. ನಮ್ಮ ಪಡಸಾಲೆ ಖಾಲಿಯಾಯಿತು. ಅಪ್ಪ ಮೊದಲಿನಂತೆಯೇ ಪೂಜೆ ಮುಗಿಸಿ ಗೋಡೆಗೆ ಆತು ಕೂಡುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಆಯಿ ತಲೆಬಾಗಿಲು ಬಿಟ್ಟು ಒಳಗೆ ಕೂಡಲು ಶುರುಮಾಡಿದಳು. ಊಟದ ಹೊತ್ತಿಗೆ ಅಪ್ಪನಿಗೆ ಬೇಳೆಯಲ್ಲಿ ಉಪ್ಪು ಹೆಚ್ಚಾಗುತ್ತಿತ್ತು, ಪುಂಡಿಪಲ್ಯ ಹುಳಿಯಾಗುತ್ತಿತ್ತು. ಅದೇ ಪಾತ್ರೆಯ ಊಟ ನಾವೆಲ್ಲ ಉಣ್ಣುತ್ತಿದ್ದೆವು, ನಮಗೆ ಹಾಗೇನೂ ಅನ್ನಿಸುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ತಾನಾಗಿಯೇ ಪಾಟಿ ಬಳಪ ತಂದು, ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ, ಅವ್ವನ ಎದುರು ಕುಳಿತ. ನಾನು ಒಲೆಯ ಪಕ್ಕದಲ್ಲಿದ್ದೆ. ಅವ್ವ ಮೊದಲ ಸಾಲು ಬರೆದು ತೋರಿಸಿದಳು. ಅಪ್ಪ ಪಾಟಿ ತೆಗೆದುಕೊಂಡು, ಅಭ್ಯಾಸದಿಂದ ಬಲತುದಿಯಲ್ಲಿ ಶುರುಮಾಡಿ, ಅಕ್ಷರಗಳನ್ನು ಹಿಂದುಮುಂದಾಗಿ ಜೋಡಿಸುತ್ತ ಎಡಕ್ಕೆ ಬಂದ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅದು ಕೀಳುಮಾಡುವ ನಗುವಲ್ಲ. ನನಗೂ ಬಂತು. ಆದರೆ ಅಪ್ಪನ ಮುಖ ಕಪ್ಪಿಟ್ಟಿತು. ಪಾಟಿಯನ್ನು ಎತ್ತಿ ಫರಸಿಯ ಮೇಲೆ ಒಗೆದ. ಚೂರುಗಳು ನೀರಿನ ಕೊಡದ ತನಕ ಹಾರಿದವು. ಮುಂದೆ ಎಷ್ಟೋ ದಿನ ಅವನು ಅವ್ವನೊಂದಿಗೆ ಮಾತಾಡಲಿಲ್ಲ. ನೀರು ಬೇಕಾದರೆ ನನಗೆ ಹೇಳುವನು, ನಾನು ಅವ್ವನಿಗೆ ಹೇಳುವೆನು, ಅವ್ವ ಅಲ್ಲಿಯೇ ನಿಂತಿರುವಳು.

ಆ ದಿನಗಳಲ್ಲಿಯೇ ಖಾಜಾ ಚಾಚಾ ಬಂದು ತಾನು ಊರು ಬಿಡುವ ಸುದ್ದಿ ಹೇಳಿದ್ದು. ಖಾಜಾ ಚಾಚಾ ಅಪ್ಪನ ಜೊತೆಗೇ ಕಚೇರಿಯಲ್ಲಿ ಇದ್ದವನು. ಒಂದೇ ಶಾಲೆ, ಒಂದೇ ಬೆಂಚು, ಒಂದೇ ಕಚೇರಿ. ಅವನ ಮನೆತನ ನಮ್ಮದಕ್ಕಿಂತ ಎಷ್ಟೋ ತಲೆಮಾರು ಮೊದಲು ಸೇಡಮ್ಮಿಗೆ ಬಂದದ್ದು.

“ಗುರುನಾಥ, ಹೈದರಾಬಾದ್ ಕಡಿಗಿ ಹಾಕ್ರಿ ಅಂತ ಅರ್ಜಿ ಕೊಡ್ಲಿಕತ್ತೀನಿ. ಗಡಿ ಆಚಿ ತಾಂಡೂರಿನಾಗ ಜಾಗಾ ಸಿಕ್ರೂ ನಡೀತದ. ಅಲ್ಲಿ ಇನ್ನಾ ಉರ್ದು ನಡಸ್ತಾರಂತ” ಎಂದ. ಹೇಳುವಾಗ ಅವನ ಕಣ್ಣು ಅಪ್ಪನ ಮುಖದ ಮೇಲೆ ಇರಲಿಲ್ಲ.

“ನಂದೂ ಕೂಡೇ ಕೊಡು” ಎಂದ ಅಪ್ಪ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಯಿ ಗೋಡೆ ಹಿಡಿದುಕೊಂಡು ಎದ್ದು ಬಂದಳು.

“ಎಲ್ಲಿಗಿ ಹೊಂಟೀದಿ?”

“ಯವ್ವಾ, ನೌಕರಿ ಹೋದ ಮ್ಯಾಲ ಇಲ್ಲಿ ಕುಂತು ಏನ್ ತಿನ್ನೋಣು?”

“ನಿನ್ನಪ್ಪನ್ನ ಮಣ್ಣು ಮಾಡಿದ ಗದ್ದಿಗಿ ಇಲ್ಲೇ ಅದ. ನಾ ಈ ಹೊಸ್ತಿಲಾ ದಾಟಂಗಿಲ್ಲ. ಹುಟ್ಟಿದಾಗಿಂದ ಕನ್ನಡ ಮಾತಾಡ್ತೀದಿ, ಬರೀಲಿಕ್ಕಿ ಯಾಕ ಬರಂಗಿಲ್ಲ?”

“ಈ ವಯಸ್ಸಿನಾಗ ನನಗ ಯಾರ್ ಕಲಸ್ತಾರ? ಸಾಲಿ ಹುಡುಗೂರ ಬಾಜು ಹೋಗಿ ಕುಂದರ್ಲೇನು?”

ಆಯಿ ಹೋಗಿ ದೇವರ ಜಗುಲಿಯ ಎದುರು ಕುಳಿತಳು. ಆ ದಿನ ಊಟ ಮಾಡಲಿಲ್ಲ. ಅಪ್ಪ ಕರೆದ, ಅವ್ವ ಕರೆದಳು, ನಾನು ಕೈಹಿಡಿದು ಎಳೆದೆ. ಅವಳು ಜಾಗ ಬಿಟ್ಟು ಏಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ ಬರುವಷ್ಟರಲ್ಲಿ ಪಡಸಾಲೆಯ ನಡುವೆ ಜಮಖಾನೆ ಹಾಸಿತ್ತು. ಅದು ಬೀಗರು ಬಂದಾಗ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಜಮಖಾನೆ. ಆಯಿ ಅದರ ಪಕ್ಕದಲ್ಲಿ ನಿಂತು ಒಳಗೆ ಕೂಗಿದಳು.

“ನೀಲಾ, ಕೈ ತೊಳಕೊಂಡ್ ಹೊರಗ ಬಾ.”

ಅವ್ವ ಕಾಳಿನ ಕೋಣೆಯ ತನಕ ಬಂದು ನಿಂತಳು.

“ಇಲ್ಲಿ ಬಂದು ಕುಂದ್ರು. ಇವನಿಗಿ ಅಕ್ಷರ ಕಲಸು.”

“ಅತ್ತಿ, ನಾ ಇಲ್ಲೇ ಬಾಗಲಾ ಮರಿಗಿ ಕುಂತು ಹೇಳ್ತೀನ್ರಿ.”

“ಬಾಗಲಾ ಮರಿಗಿ ಕುಂತ್ರ ಅಂವ ಬರದಿದ್ದು ನಿನಗ ಕಾಣ್ತದೇನು? ಬಾ ಅಂದೀನಿ. ರೊಟ್ಟಿ ನಾ ಬಡೀತೀನಿ. ಒಂದ್ ಮಾತ್ ನೆಪ್ಪಿಟ್ಟುಕೋ, ನೀ ನಗಬ್ಯಾಡ. ಅಂವ ತಪ್ಪಿದ್ರ ನಗೂ ಕೆಲಸ ನಂದು.”

ಅಪ್ಪ ಎದ್ದು ಹೊರಗೆ ಹೋಗಬಹುದೆಂದು ನಾನು ಹೆದರಿದ್ದೆ. ಅವನು ತಾಯಿಯ ಮುಖ ನೋಡಿದ. ಹಿಂದಿನ ದಿನದಿಂದ ಉಂಡಿರದ ಮುಖ ಅದು. ಧೋತರ ಸರಿಮಾಡಿಕೊಂಡು ಕುಳಿತುಬಿಟ್ಟ. ಅವ್ವ ಸೆರಗು ಎಳೆದುಕೊಂಡು ಬಂದು ಜಮಖಾನೆಯ ಅಂಚಿನಲ್ಲಿ, ಅರ್ಧ ಕಲ್ಲಿನ ಮೇಲೆಯೇ ಕುಳಿತಳು. ಆಯಿ ಹೋಗಿ ಒಲೆಯ ಮುಂದೆ ಕೂತಳು. ಅವಳ ಕೀಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ, ರೊಟ್ಟಿ ದಪ್ಪವಾಗುತ್ತಿತ್ತು, ನಡುವೆ ಹಸಿ ಇರುತ್ತಿತ್ತು. ಪಾಠ ನಡೆದಷ್ಟು ಕಾಲವೂ ನಾವು ಆ ರೊಟ್ಟಿಯನ್ನು ತಿಂದೆವು. ಅಪ್ಪ ಉಪ್ಪು ಹುಳಿಯ ಮಾತು ಎತ್ತಲಿಲ್ಲ.

ಕೆಲವೇ ದಿನಗಳಲ್ಲಿ ಖಾಜಾ ಚಾಚಾನೂ ಒಂದು ಪಾಟಿ ಹಿಡಿದುಕೊಂಡು ಬಂದ. ಅವನ ಹೆಂಡತಿ, ನಮ್ಮ ಚಾಚಿ, ಸಾಮಾನು ಕಟ್ಟಲು ಕೈಹಚ್ಚುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ.

“ಭಾಭೀ, ನನಗೂ ಅ ಆ ಹೇಳ್ಕೊಡ್ರಿ. ಇವನಕಿಂತಾ ನಾ ಶಾಣ್ಯಾ ಅದೀನಿ” ಎಂದು ಅಪ್ಪನ ಪಕ್ಕಕ್ಕೆ ಕುಳಿತ. ಅವ್ವ ಮೊದಲ ದಿನ ಅವನ ಕಡೆಗೆ ಮುಖ ತಿರುಗಿಸದೆ ಪಾಠ ಹೇಳಿದಳು. ವಾರ ಕಳೆಯುವಷ್ಟರಲ್ಲಿ ಅವನ ಪಾಟಿಯನ್ನು ಕೈಗೆ ತೆಗೆದುಕೊಂಡು ತಿದ್ದುತ್ತಿದ್ದಳು. ಅವನಿಗೆ ಚಹಾ ಕೊಡುವ ಕಪ್ಪು ನಮ್ಮ ಮನೆಯಲ್ಲಿ ಬೇರೆ ಇತ್ತು, ಪಡಸಾಲೆಯ ಮಾಡದಲ್ಲಿ ಒಂಟಿಯಾಗಿ ಇರುತ್ತಿತ್ತು. ಆ ತಿಂಗಳುಗಳಲ್ಲಿ ಯಾವಾಗಲೋ ಅದು ಉಳಿದ ಕಪ್ಪುಗಳೊಳಗೆ ಬೆರೆತುಹೋಯಿತು. ಆಯಿ ನೋಡಿರದೇ ಇರಲಿಕ್ಕಿಲ್ಲ. ಮತ್ತೆ ಅದನ್ನು ಬೇರೆ ಎತ್ತಿಡಲಿಲ್ಲ.

ನಾನು ಅವರಿಬ್ಬರ ನಡುವೆ ಕೂಡುತ್ತಿದ್ದೆ. ನನ್ನ ಅಕ್ಷರಾಭ್ಯಾಸ ಆದದ್ದು ಹಾಗೆ, ಮೀಸೆ ಬಂದ ಇಬ್ಬರು ಸಹಪಾಠಿಗಳ ಜೊತೆ. ಖಾಜಾ ಚಾಚಾ ಮಹಾಪ್ರಾಣಗಳಲ್ಲಿ ಗಟ್ಟಿ. “ನನ್ನ ಹೆಸರೇ ಖ ದಿಂದ ಸುರು ಆಗ್ತದಲ್ಲ” ಎನ್ನುವನು. ಅಪ್ಪನಿಗೆ ತೊಂದರೆ ಕೊಟ್ಟದ್ದು ಗುಣಿತಾಕ್ಷರ. ಉರ್ದುವಿನಲ್ಲಿ ಸಣ್ಣ ಸ್ವರಗಳನ್ನು ಬರೆಯದಿದ್ದರೂ ಓದುವವರು ತಿಳಿದುಕೊಳ್ಳುತ್ತಾರೆ. ಆ ರೂಢಿಯಲ್ಲಿ ಅಪ್ಪ ಕೊಂಬು, ಗುಡಿಸುಗಳನ್ನು ಮರೆತು ಬರೆದುಬಿಡುತ್ತಿದ್ದ. ‘ಹುಡುಗಿ’ ಎಂದು ಹೇಳಿದರೆ ಪಾಟಿಯ ಮೇಲೆ ‘ಹಡಗ’ ಆಗಿರುತ್ತಿತ್ತು.

“ಓದವ್ರಿಗಿ ತಿಳಿಯಂಗಿಲ್ಲೇನು? ಎಲ್ಲಾ ನಾವೇ ಹೇಳಬೇಕೇನು?” ಎಂದು ಅಪ್ಪ ವಾದಿಸುವನು.

“ಕನ್ನಡದಾಗ ಎಲ್ಲಾ ಬಿಚ್ಚಿ ಬರೀಬೇಕ್ರಿ. ಒಳಗ ಇಟ್ಟುಕೊಂಡ್ರ ನಡ್ಯೂದಿಲ್ಲ” ಎನ್ನುವಳು ಅವ್ವ. ಒಲೆಯ ಮುಂದಿನಿಂದ ಆಯಿಯ ನಗು ಕೇಳಿಸುವುದು.

‘ಮನೆ ಇದೆ’ ಎಂಬ ಪಾಠ ಬಂದ ದಿನ ದೊಡ್ಡ ಗದ್ದಲವೇ ಆಯಿತು. ಅವ್ವನಿಗೆ ಐತಿ, ಅಪ್ಪನಿಗೆ ಅದ. ಪುಸ್ತಕದಲ್ಲಿ ಎರಡೂ ಇಲ್ಲ.

“ಭಾಭೀ, ಈ ‘ಇದೆ’ ಯಾವ ಊರಿಂದು?” ಎಂದ ಖಾಜಾ ಚಾಚಾ.

“ಮೈಸೂರ ಕಡೇದಿರಬೇಕ್ರಿ. ನಮ್ಮವ್ವನ ಮನ್ಯಾಗೂ ಯಾರೂ ಅಂದದ್ದು ಕೇಳಿಲ್ಲ.”

“ಅಂದ್ರ ನೀ ಹೊರಗಿನಕಿ, ನಾನೂ ಹೊರಗಿನಂವ” ಎಂದು ಅಪ್ಪ ನಕ್ಕ. ಪಾಟಿ ಒಡೆದ ಮೇಲೆ ಅವನು ಅವ್ವನ ಮುಖ ನೋಡಿ ನಕ್ಕದ್ದು ಅಂದೇ. ಅಲ್ಲಿಂದ ಮುಂದೆ ನೀರು ಬೇಕಾದರೆ ಅವಳನ್ನೇ ಕೇಳತೊಡಗಿದ.

ಪರೀಕ್ಷೆ ಗುಲಬರ್ಗಾದಲ್ಲಿ. ಇಬ್ಬರೂ ವಾಡಿಯಲ್ಲಿ ಗಾಡಿ ಬದಲಿಸಿ ಹೋಗಿಬಂದರು. ಆಯಿ ಬುತ್ತಿಗೆ ಶೇಂಗಾದ ಹಿಂಡಿ, ತಾನೇ ಬಡಿದ ರೊಟ್ಟಿ ಕಟ್ಟಿಕೊಟ್ಟಿದ್ದಳು. ಫಲಿತಾಂಶ ಬಂದಾಗ ಖಾಜಾ ಚಾಚಾ ಪಾಸಾಗಿದ್ದ, ಅಪ್ಪ ಆಗಿರಲಿಲ್ಲ. ಅಪ್ಪ ಕಚೇರಿಯಿಂದ ಬಂದವನೇ ಕಾಳಿನ ಕೋಣೆಯೊಳಗೆ ಹೋಗಿ ಚೀಲಗಳ ನಡುವೆ ಗೋಡೆಗೆ ಮುಖ ಮಾಡಿ ಮಲಗಿದ. ಅವ್ವ ಪಡಸಾಲೆಯ ಕಂಬ ಹಿಡಿದು ನಿಂತಳು. ತಪ್ಪು ತನ್ನದೆನ್ನುವಂತೆ ಅವಳ ಮುಖ ಇತ್ತು. ಸಂಜೆಗೆ ಖಾಜಾ ಚಾಚಾ ಬಂದ. ಚಾಚಿ ಸಿಹಿ ಶ್ಯಾವಿಗೆ ಮಾಡಿ ಕಳಿಸಿದ್ದಳು. ಅವನು ಆ ಡಬ್ಬಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತುಕೊಂಡ.

“ಗುರುನಾಥ, ತಾಂಡೂರಿನ ಅರ್ಜಿ ನಾ ವಾಪಸ್ ತಗೊಂಡೀನಿ. ಇಲ್ಲೇ ಇರ್ತೀನಿ. ನೀ ಹೊಂಟ್ ಹೋದ್ರ ಆ ಕಚೇರಿದಾಗ ನನಗ ಯಾರ್ ಅದಾರ ಹೇಳು. ಏಳೋ.”

ಅಪ್ಪ ಗೋಡೆಯ ಕಡೆಯಿಂದ ಹೊರಳಲಿಲ್ಲ. ಆಯಿ ಡಬ್ಬಿಯನ್ನು ಚಾಚಾನ ಕೈಯಿಂದ ತೆಗೆದುಕೊಂಡಳು. ಆ ಮನೆಯಲ್ಲಿ ಬೇಯಿಸಿದ್ದನ್ನು ಅವಳು ಎಂದೂ ಬಾಯಿಗೆ ಹಾಕಿದವಳಲ್ಲ. ಅಂದೂ ಹಾಕಲಿಲ್ಲ. ಆದರೆ ಬಟ್ಟಲಿಗೆ ಸುರಿದು, ಕೋಣೆಯೊಳಗೆ ಹೋಗಿ, ಮಗನ ತಲೆಯ ಬಳಿ ಕುಳಿತಳು.

“ದೋಸ್ತ ಪಾಸಾಗ್ಯಾನ, ಬಾಯಿ ಸಿಹಿ ಮಾಡಿಕೋ. ಅಳೂದು ನಾಳಿ ಅಳು.”

ಅಪ್ಪ ಎದ್ದು ಕುಳಿತು ಶ್ಯಾವಿಗೆ ತಿಂದ. ಮರುದಿನದಿಂದ ಪಡಸಾಲೆಯಲ್ಲಿ ಅವನಿಗೆ ಇಬ್ಬರು ಗುರುಗಳು. ಅವ್ವ ಓದಿ ಬರೆಸುವಳು, ಚಾಚಾ ಕೊಂಬು ದೀರ್ಘ ತಪ್ಪಿದಲ್ಲೆಲ್ಲ ತೊಡೆಗೆ ಬಡಿಯುವನು. ಎರಡನೆಯ ಸಲ ಅಪ್ಪ ಪಾಸಾದ. ತಾಂಡೂರಿನ ಮಾತು ಮನೆಯಲ್ಲಿ ಮತ್ತೆ ಏಳಲಿಲ್ಲ. ಕಚೇರಿಯಲ್ಲಿ ಮೇಲಿನ ಅಧಿಕಾರಿ, ಯಾವ ಮಾಸ್ತರರ ಹತ್ತಿರ ಕಲಿತಿರಿ ಎಂದು ಕೇಳಿದರಂತೆ. ಎಲ್ಲರ ಎದುರು ಅಪ್ಪ “ಮನ್ಯಾಗ ಕಲ್ತೀನ್ರಿ, ನಮ್ಮ ಮನಿಯವರು ಕಲಸ್ಯಾರ” ಎಂದನಂತೆ. ಇದನ್ನು ನಮಗೆ ಹೇಳಿದವನು ಖಾಜಾ ಚಾಚಾ. ಅವ್ವ ಕೇಳಿ, ಚಹಾ ಉಕ್ಕುತ್ತದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಚಹಾ ಇರಲಿಲ್ಲ.

ಅಪ್ಪನ ಕನ್ನಡದ ಅಕ್ಷರ ಮಾತ್ರ ಕೊನೆಯ ತನಕ ಚೆಂದವಾಗಲಿಲ್ಲ. ಜನ ಮತ್ತೆ ಪಡಸಾಲೆಗೆ ಬರತೊಡಗಿದಾಗ ಅವನು ಬಾಯಿಂದ ಹೇಳುವನು, ಅವ್ವ ಬರೆಯುವಳು. ಹಾಗೆ ಬರೆಯುತ್ತಿದ್ದವಳ ಹೆಸರು ಊರಲ್ಲಿ ಹಬ್ಬಿತು. ಸೇಡಮ್ಮಿನಲ್ಲಿ ಹೆಣ್ಣುಮಕ್ಕಳ ಕನ್ನಡ ಶಾಲೆ ತೆರೆಯಬೇಕೆಂದಾಗ ಕಲಿಸಲು ಹೆಂಗಸರು ಸಿಗಲಿಲ್ಲ. ಗಂಡು ಮಾಸ್ತರರ ಕೈಕೆಳಗೆ ಹುಡುಗಿಯರನ್ನು ಕಳಿಸಲು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ, ನನ್ನನ್ನೂ ಕಳಿಸಿರಲಿಲ್ಲ. ಊಟಕ್ಕೆ ಕುಳಿತಾಗ ಅಪ್ಪ ಆ ಮಾತು ತೆಗೆದ.

“ನಿನಗ ಕೇಳ್ಲಿಕತ್ತಾರ. ಮುಲ್ಕಿ ಆಗ್ಯಾದಲ್ಲ, ನಡೀತದಂತ.”

“ಪಡಸಾಲಿಗಿ ಬಾ ಅಂದೀನಿ, ಬಜಾರಕ್ಕ ಹೋಗು ಅಂದಿಲ್ಲ” ಎಂದಳು ಆಯಿ.

“ಯವ್ವಾ, ಅಲ್ಲಿ ಬರೀ ಹೆಣ್ಣುಡುಗ್ಯಾರು ಇರ್ತಾರ.”

“ಅಲ್ಲಿ ಮುಟ್ಟೋ ತನಕಾ ಹಾದ್ಯಾಗ ಯಾರ್ ಇರ್ತಾರ?”

ತಾಯಿ ಮಗ ವಾದ ಮಾಡುತ್ತಿದ್ದರು. ಅವ್ವ ಬೇಳೆಯ ಪಾತ್ರೆಯನ್ನು ಕೆಳಗಿಟ್ಟಳು.

“ನನಗ ಮನಸ್ಸೈತ್ರೀ, ಅತ್ತಿ” ಎಂದಳು.

ತನಗೆ ಏನಾದರೂ ಬೇಕೆಂದು ಅವ್ವ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಯಿಯೂ ಅದೇ ಮೊದಲು ಕೇಳಿದಳೆಂದು ತೋರುತ್ತದೆ. ತಾಟಿನಲ್ಲಿದ್ದ ತುತ್ತು ಹಾಗೇ ಇಟ್ಟುಕೊಂಡು ಸೊಸೆಯನ್ನು ನೋಡಿದಳು. ಅಂದು ಹೂಂ ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಹೊರಟ ಮೊದಲ ಬೆಳಿಗ್ಗೆ ಮಾತ್ರ ಬಾಗಿಲ ತನಕ ಬಂದು, “ಬಿಸಲದ, ಸೆರಗ್ ನೆಟ್ಟಗ ಹೊತ್ತುಕೊಂಡ್ ಹೋಗು” ಎಂದಳು.

ಈಗ ಸೇಡಮ್ಮಿಗೆ ಹೋದವರಿಗೆ ಮೊದಲು ಕಾಣುವುದು ಸಿಮೆಂಟಿನ ಲಾರಿಗಳು, ಬೇವಿನ ಎಲೆಗಳ ಮೇಲೆ ಕುಳಿತ ಬೂದು ಧೂಳು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಒಬ್ಬ ಕನ್ನಡದಲ್ಲಿ ಕೇಳುತ್ತಾನೆ, ಇನ್ನೊಬ್ಬ ದಖನಿಯಲ್ಲಿ ಹೇಳುತ್ತಾನೆ, ಮೂರನೆಯವನು ತೆಲುಗಿನಲ್ಲಿ ನಗುತ್ತಾನೆ, ಮಾತು ಎಲ್ಲಿಯೂ ನಿಲ್ಲುವುದಿಲ್ಲ. ಹೊರಗಿನಿಂದ ಬಂದವರಿಗೆ ಇದು ವಿಚಿತ್ರವೆನಿಸುತ್ತದೆ. ನಮ್ಮ ಪಡಸಾಲೆಯಲ್ಲಿ ಕುಳಿತು ಬೆಳೆದ ನನಗೆ ಊರು ಎಂದರೆ ಹೀಗೇ ಇರಬೇಕು ಅನ್ನಿಸುತ್ತದೆ. ಆ ಹಳೆಯ ಹೆಣ್ಣುಮಕ್ಕಳ ಶಾಲೆ ಇದ್ದ ಕಲ್ಲಿನ ಕಟ್ಟಡ ಈಗ ಯಾರದೋ ಗೋದಾಮು.

ಅಲ್ಲಿ ಮೊದಲ ದಿನ ಅವ್ವ ಹಾಜರಿ ಹಾಕಲು ನಿಂತಳು. ಹುಡುಗಿಯರು ಅವಳನ್ನು ಅಕ್ಕೋರೆ ಎನ್ನುತ್ತಿದ್ದರು, ನಾನೂ ಹಾಗೇ ಅನ್ನಬೇಕೆಂದು ದಾರಿಯಲ್ಲೇ ಹೇಳಿಕೊಟ್ಟಿದ್ದಳು. “ಕಸ್ತೂರಿ” ಎಂದು ಕೂಗಿದಾಗ ನಾನೂ ಎದ್ದೆ, ಮೂಲೆಯಲ್ಲಿ ಇನ್ನೊಬ್ಬಳು ಕಸ್ತೂರಿಯೂ ಎದ್ದಳು. ಹುಡುಗಿಯರು ನಕ್ಕರು. ತಂದೆಯ ಹೆಸರು ಕೂಡಿಸಿ ಕರೆಯದೆ ಬೇರೆ ದಾರಿ ಇರಲಿಲ್ಲ. ಅವಳದು “ಕಸ್ತೂರಿ ಬಸಣ್ಣ” ಎಂದು ಸುಲಭವಾಗಿ ಮುಗಿಯಿತು. ನನ್ನ ಸರದಿಗೆ ಅವ್ವ ನಿಂತುಬಿಟ್ಟಳು. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಸವೆಯುತ್ತದೆಂದು ಅಲ್ಲಿ ಕುಳಿತ ಚಿಕ್ಕ ಹುಡುಗಿಗೂ ಗೊತ್ತು. ಗುರುವಾರವನ್ನೂ ಬೇಸ್ತವಾರ ಎಂದೇ ಹೇಳುತ್ತ ಬಂದವಳು ಅವ್ವ. ನಗು ಅಡಗಿತು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಕಸ್ತೂರಿ ಗುರುನಾಥಪ್ಪ” ಎಂದಳು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಯಿ ಬಾಗಿಲಲ್ಲೇ ತಡೆದಳು.

“ಹೆಸರ ತಗೊಂಡಿಯಂತ?”

“ಹಾಜರಿ ಹಾಕೂಮುಂದ ಅನ್ನಬೇಕಾತ್ರಿ.”

“ಸರಕಾರದ ಕೆಲಸದಾಗ ಅಂದಿದ್ದು ನಡೀತದ. ಮನ್ಯಾಗ ಬ್ಯಾಡ” ಎಂದು ಆಯಿ ತೀರ್ಪು ಕೊಟ್ಟಳು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿದ್ದವು.

ಆಮೇಲೆ ಕೆಲವು ದಿನಗಳಿಗೆ, ಹಾಜರಿಯ ಹೊತ್ತಿನಲ್ಲಿ ನಾನು ಕಿಟಕಿಯಿಂದ ಹೊರಗೆ ನೋಡಿದೆ. ರಸ್ತೆಯ ಆಚೆ, ಗೋಡೆಗೆ ಆತುಕೊಂಡು, ಕಚೇರಿಯ ಕರಿಟೋಪಿ ಹಾಕಿದ ಅಪ್ಪ ನಿಂತಿದ್ದ. ಕಚೇರಿಗೆ ಅದು ದಾರಿಯೇ ಅಲ್ಲ, ಸುತ್ತಾಗುತ್ತದೆ. ಯಾರಿಗೋ ಕಾಯುವವನಂತೆ ಆ ಕಡೆ ಈ ಕಡೆ ನೋಡುತ್ತಿದ್ದ, ಕಿವಿ ನಮ್ಮ ಕಿಟಕಿಯ ಕಡೆಗಿತ್ತು. ಅವ್ವನಿಗೆ ಅವನು ಕಾಣುವಂತಿರಲಿಲ್ಲ. ಅವಳು ಒಂದೊಂದಾಗಿ ಹೆಸರು ಓದುತ್ತ ನನ್ನ ಹತ್ತಿರ ಬಂದಳು.

“ಕಸ್ತೂರಿ ಗುರುನಾಥಪ್ಪ.”

ದನಿ ಸಣ್ಣದಾಗಿತ್ತು. ರಸ್ತೆಯ ತನಕ ಹೋಗಿರಲಿಕ್ಕಿಲ್ಲ. ನಾನು ಬಾಯಿ ಬಿಗಿಹಿಡಿದು ಸುಮ್ಮನೆ ಕುಳಿತೆ. ಅವ್ವ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿ, ಈ ಸಲ ಗಟ್ಟಿಯಾಗಿ ಕೂಗಿದಳು.

“ಕಸ್ತೂರಿ ಗುರುನಾಥಪ್ಪ!”

“ಹಾಜರ್ರೀ, ಅಕ್ಕೋರೆ” ಎಂದೆ. ಹೊರಗೆ ಅಪ್ಪ ಟೋಪಿ ಸರಿಮಾಡಿಕೊಂಡು ಕಚೇರಿಯ ಕಡೆಗೆ ಹೊರಟಿದ್ದ.